ಬಸಳೆಗೆ ಷರತ್ತುಬದ್ಧ ಅನುಮತಿ

ಅದು ಶುಕ್ರವಾರವೇ ಆಗಿತ್ತೋ, ಇಲ್ಲ ರಜೆಯ ನೆನಪುಗಳನ್ನೆಲ್ಲ ನಾನೇ ಶುಕ್ರವಾರಕ್ಕೆ ಸೇರಿಸಿಬಿಡುತ್ತೇನೋ, ಖಾತ್ರಿಯಿಲ್ಲ. ಶುಕ್ರವಾರವೇ ವಾರದ ರಜೆಯಾದ ಈ ಕೊಲ್ಲಿ ದೇಶದಲ್ಲಿ ಅಕ್ಕ ಮತ್ತು ಭಾವ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟ್ ಬಿಟ್ಟು ಅಬು ಹಮೂರ್‌ಗೆ ಮನೆ ಬದಲಾಯಿಸುತ್ತಿದ್ದರು. ಸಾಮಾನೆಲ್ಲ ವ್ಯಾನ್ ಸೇರಿತ್ತು. ಬಾಲ್ಕನಿಯಲ್ಲಿ ಉಳಿದದ್ದು ಬಸಳೆ ಕುಂಡ ಮಾತ್ರ. ಅಮ್ಮ ಕೊನೆಯ ಸಲ ಬಂದಾಗ ಉಡುಪಿಯಿಂದ ತಂದು ನೆಟ್ಟ ದಂಟು, ಎಸಿಯಿಂದ ತೊಟ್ಟಿಕ್ಕುವ ನೀರು ಕುಡಿದು ಗ್ರಿಲ್ ತುಂಬ ಹಬ್ಬಿತ್ತು.

ಭಾವನ ಕೆಲಸವೇ ಪರಿಸರ ಅನುಮತಿಯದ್ದು. ಕಟ್ಟಡಕ್ಕೆ ಅಡ್ಡ ಬಂದ ಮರಗಳನ್ನು ಬೇರುಸಮೇತ ಬೇರೆಡೆ ನೆಡಲು ಇಲಾಖೆಯ ಒಪ್ಪಿಗೆ ಕೊಡಿಸುತ್ತಾರೆ. ಅಂಥವರು ಕತ್ತರಿ ಹಿಡಿದು ಬಂದು, "ಒಂದು ದಂಟು ಒಯ್ದರೆ ಸಾಕು, ಖಲಾಸ್" ಎಂದರು.

ಅಕ್ಕ ಬಾಲ್ಕನಿ ಬಾಗಿಲಿಗೆ ಅಡ್ಡ ನಿಂತಳು. "ಅದು ಅಮ್ಮ ನೆಟ್ಟ ಬೇರು. ಮಣ್ಣು ಉದುರಬಾರದು. ದಾರಿಯಲ್ಲಿ ನೆರಳು ಬೇಕು. ಹೊಸ ಜಾಗದಲ್ಲಿ ಚಿಗುರುವವರೆಗೆ ನೀರುಣಿಸುವ ಹೊಣೆ ಅರ್ಜಿದಾರರದ್ದು. ದಿನಾ ಊಟಕ್ಕೆ ಕೂತಾಗ ನೀವೇ ಹೇಳುವ ಷರತ್ತುಗಳಲ್ವಾ?"

"ನಿನಗಿಂತ ಇಲಾಖೆಯೇ ವಾಸಿ ಮಾರಾಯ್ತಿ!"

ಹಾಗೆಂದರೂ ಭಾವ ಬಳ್ಳಿಯನ್ನು ಗ್ರಿಲ್‌ನಿಂದ ಒಂದೊಂದೇ ಸುತ್ತು ಬಿಡಿಸಿದರು. ವ್ಯಾನಿನಲ್ಲಿ ಕುಂಡ ಅವರ ತೊಡೆಯ ಮೇಲಿತ್ತು, ಅಕ್ಕನ ಕೊಡೆ ಕುಂಡದ ಮೇಲಿತ್ತು. ಕಿಟಕಿಯ ಬಿಸಿಲಿನಿಂದ ಭಾವನಿಗೆ ಮಾತ್ರ ಯಾವ ರಕ್ಷಣೆಯೂ ಇರಲಿಲ್ಲ.

ಬಸಳೆ ಬದುಕಿತು. ಮೊನ್ನೆ ಅದರದ್ದೇ ಹುಳಿ ಬಡಿಸಿಕೊಳ್ಳುತ್ತಿದ್ದ ಭಾವನನ್ನು ಒಂದು ಮಾತು ಕೇಳಿದೆ. ಅವರು ಬಾಯಲ್ಲಿ ತುತ್ತಿದೆ ಎಂದು ಕೈಸನ್ನೆ ಮಾಡಿದರು. ಆ ತುತ್ತು ಇನ್ನೂ ಮುಗಿದಿಲ್ಲ.

"ಭಾವ, ನೀವು ಅನುಮತಿ ಕೊಡಿಸಿ ಸಾಗಿಸಿದ ಮರಗಳು ಚಿಗುರಿದವಾ? ಒಮ್ಮೆಯಾದರೂ ಹೋಗಿ ನೋಡಿದ್ದೀರಾ?"