ಮೊಮ್ಮಗಳಿಗೆ ಕೇಳಿದ ಪುಸ್ತಕ

ಅವರ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು ಇರುತ್ತಿತ್ತು. ಪುಸ್ತಕ ಕೈಗೆ ಕೊಡುವಾಗ ಅದು ಬಿಳಿ ಹೊಟ್ಟಿನ ಹಾಗೆ ಉದುರುತ್ತಿತ್ತು. ಮೊದಲ ಸಲ ನೋಡಿದಾಗ, ಈಯಮ್ಮ ಹೋಳಿಗೆ ತಟ್ಟುತ್ತಿದ್ದವರು ಕೈ ತೊಳೆಯದೆ ಹಾಗೇ ಕೆಲಸಕ್ಕೆ ಬಂದುಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಹರಿದ ಪುಸ್ತಕಗಳನ್ನೆಲ್ಲ ಮನೆಯಲ್ಲಿ ಕಾಯಿಸಿ ತಂದ ಅಂಟಿನಿಂದ ಅವರೇ ಅಂಟಿಸುತ್ತಿದ್ದರು.

ಸೂಲಿಬೆಲೆ ಹೋಬಳಿಯ ನಮ್ಮೂರ ಪಂಚಾಯಿತಿ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ಅವರು. ಊರಿಗೆಲ್ಲ ಲೈಬ್ರರಿ ಮೇಡಂ. ನಾನು ಓದಿದ್ದು ನಾಲ್ಕನೇ ಕ್ಲಾಸು. ಡೈರಿಗೆ ಹಾಲು ಹಾಕಿ, ಹಸುಗಳಿಗೆ ಹುಲ್ಲು ಹಾಕಿ, ಬಿಡುವಾದಾಗ ಪೇಪರಿನ ಫೋಟೋ ನೋಡಲು ಅಲ್ಲಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಪೇಪರು ನೆಪ. ಅವರು ಪುಸ್ತಕ ಕೊಡುವ ಚಂದ ಕೇಳಲು ಹೋಗುತ್ತಿದ್ದೆ. ಯಾವ ಪುಸ್ತಕವನ್ನೂ ಅವರು ಚೆನ್ನಾಗಿದೆ ಅಂತ ಹೇಳಿದವರಲ್ಲ.

“ಇದನ್ನ ಓದ್ತಾ ನಮ್ಮನೇಲಿ ಹಾಲು ಉಕ್ಕೋಯ್ತು. ಇದಕ್ಕೆ ಸಾರು ತಳ ಹತ್ತಿತ್ತು. ಇದಿದೆಯಲ್ಲ, ಇದಕ್ಕೆ ಕುಕ್ಕರಿನ ನೀರೆಲ್ಲ ಇಂಗಿ, ನಮ್ಮ ಯಜಮಾನ್ರು ಅವತ್ತು ಬ್ರೆಡ್ ತಿಂದು ಮಲಗಿದ್ರು. ಯಾವ್ದು ಕೊಡ್ಲಿ?” ಎಂದು ಕೇಳುತ್ತಿದ್ದರು.

ಒಂದು ಸಲ ಕಾಲೇಜಿನ ಹುಡುಗಿಯೊಬ್ಬಳು ದಪ್ಪನೆಯ ಪುಸ್ತಕವೊಂದನ್ನು ಎತ್ತಿ ಹಿಡಿದು, “ಮೇಡಂ, ಇದಕ್ಕೆ ಏನ್ ಸೀದೋಯ್ತು?” ಅಂದಳು.

“ಅದಕ್ಕಾ? ಅವತ್ತು ಅಡುಗೆ ತುಂಬಾ ಚೆನ್ನಾಗಿತ್ತು ಕಣೆ. ಅಲ್ಲೇ ಇಡು.”

ನನ್ನ ಮಗ ಸೊಸೆ ಇಬ್ಬರೂ ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು. ಮೊಮ್ಮಗಳು ಬೆಳೆದದ್ದು ನಮ್ಮ ಕೈಯಲ್ಲಿ. ಮಾತಿನಲ್ಲಿ ಅವಳನ್ನು ಗೆಲ್ಲುವವರಿಲ್ಲ, ಪುಸ್ತಕ ತೆರೆದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಕ್ಲಾಸಿನಲ್ಲಿ ಎದ್ದು ನಿಂತು ಓದುವಾಗ ತಡವರಿಸಿದಳಂತೆ, ಮಿಕ್ಕ ಮಕ್ಕಳು ನಕ್ಕರಂತೆ. ಅಲ್ಲಿಂದಾಚೆಗೆ ಬೆಳಗಾದರೆ ಹೊಟ್ಟೆನೋವು. ಸ್ಕೂಲಿನ ಗೇಟಿನ ತನಕ ಕರೆದುಕೊಂಡು ಹೋದರೂ ನನ್ನ ಪಂಚೆ ಹಿಡಿದು ನಿಂತುಬಿಡುತ್ತಿದ್ದಳು.

“ಸ್ಕೂಲು ಬೇಡ ತಾತ. ನಿನ್ ಜೊತೆ ಹಸು ಮೇಯಿಸ್ತೀನಿ.”

ನನ್ನ ಓದು ನಿಂತದ್ದೂ ಹೀಗೆ ಒಂದು ಗೇಟಿನ ಮುಂದೆಯೇ. ಈ ಮಗುವಿನದೂ ಅಲ್ಲಿಗೇ ನಿಂತುಹೋಗುತ್ತದೇನೋ ಅನ್ನುವ ಭಯ ಹತ್ತಿತು. ಕೊನೆಗೆ ಮೇಡಂ ಹತ್ತಿರ ಹೋಗಿ, “ಮಗೂಗೆ ಸುಲಭದ್ದು ಒಂದು ಪುಸ್ತಕ ಕೊಡಿ ತಾಯಿ” ಎಂದೆ. ನಡೆದದ್ದೆಲ್ಲ ಹೇಳಿದೆ.

ಅವರು ಮಕ್ಕಳ ಕಪಾಟಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದರು. ಬಾವಿಗೆ ಬಿದ್ದ ಬೆಕ್ಕನ್ನು ಊರಿನವರೆಲ್ಲ ಸೇರಿ ಮೇಲೆತ್ತುವ ಕಥೆ. “ಇದು ಅವಳಿಗಲ್ಲ ಯಜಮಾನ್ರೇ, ನಿಮಗೆ” ಎಂದರು.

“ನಂಗ್ಯಾಕಮ್ಮ? ನಂದೇ ಕುಂಟೋ ಓದು.”

“ಅದಕ್ಕೇ ನಿಮಗೆ. ಅವಳಿಗೆ ಕೇಳ್ಸೋ ಹಾಗೆ ಕೂತು ಗಟ್ಟಿಯಾಗಿ ಓದಿ. ಅವಳನ್ನ ಕರೀಬೇಡಿ. ಓದು ಅಂತ ಮಾತ್ರ ಅಪ್ಪಿತಪ್ಪಿಯೂ ಅನ್ಬೇಡಿ. ದೊಡ್ಡೋರೂ ತಡವರಿಸ್ತಾರೆ, ತಡವರಿಸಿದ್ರೂ ಮುಂದಕ್ಕೆ ಹೋಗ್ತಾರೆ ಅಂತ ಅವಳು ನೋಡ್ಲಿ.”

ಸಂಜೆ ಕೊಟ್ಟಿಗೆಯ ಜಗುಲಿಯಲ್ಲಿ ಕೂತು ಶುರು ಮಾಡಿದೆ. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಒತ್ತಕ್ಷರ ಬಂದ ಕಡೆ ಏದುಸಿರು ಬಿಟ್ಟು, ಓದುತ್ತಾ ಹೋದೆ. ಒಳಗಿಂದ ನನ್ನ ಹೆಂಡತಿ, “ಏನು, ಹಸೂನ ಪರೀಕ್ಷೆಗೆ ಕೂರಿಸ್ತೀರಾ?” ಅಂತ ನಕ್ಕಳು. ಮೊಮ್ಮಗಳು ಹತ್ತಿರ ಬರಲಿಲ್ಲ. ಕಲ್ಲುಕಂಬದ ಹಿಂದೆ ಅವಳ ಲಂಗದ ಅಂಚು ಮಾತ್ರ ಕಾಣುತ್ತಿತ್ತು.

ಹೀಗೇ ಕೆಲವು ಸಂಜೆ ಕಳೆದವು. ಒಂದು ದಿನ, ಬಾವಿಯೊಳಗೆ ಇಳಿಬಿಟ್ಟ ಬುಟ್ಟಿಯ ಹತ್ತಿರಕ್ಕೆ ಬೆಕ್ಕು ಬರುವ ಜಾಗದಲ್ಲೇ ನನ್ನ ಓದು ಸಿಕ್ಕಿಹಾಕಿಕೊಂಡಿತು. ಎಷ್ಟು ಗುದ್ದಾಡಿದರೂ ಆ ಸಾಲು ಬಾಯಿಗೆ ಬರಲಿಲ್ಲ. ನಾನು ನಾಟಕ ಆಡುತ್ತಿರಲಿಲ್ಲ, ನಿಜಕ್ಕೂ ಬರಲಿಲ್ಲ. ಆಗ ಬೆನ್ನ ಹಿಂದಿನಿಂದ ಸಣ್ಣ ದನಿಯೊಂದು ಆ ಸಾಲನ್ನು ತಡೆದು ತಡೆದು ಹೇಳಿತು. ನಾನು ತಿರುಗಿ ನೋಡಲಿಲ್ಲ. ಹೊಸ ಕರು ತಾನಾಗಿ ಹತ್ತಿರ ಬರುವಾಗ ಅಲುಗಾಡಬಾರದು. ಬೆರಳನ್ನು ಮುಂದಿನ ಸಾಲಿಗೆ ಇಟ್ಟೆ. ಅದನ್ನೂ ಅವಳೇ ಓದಿದಳು. ಬೆಕ್ಕು ಮೇಲೆ ಬರುವ ಹೊತ್ತಿಗೆ ಅವಳ ಗಲ್ಲ ನನ್ನ ಹೆಗಲ ಮೇಲಿತ್ತು.

ಮರುದಿನ ಲೈಬ್ರರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಸಂಜೆ ನಡೆದದ್ದನ್ನು ಕೇಳಿದ ಮೇಡಂ ಕಣ್ಣೊರೆಸಿಕೊಂಡರು, ಆದರೆ ಬೈದರು ಕೂಡ.

“ಊರಿಗೆಲ್ಲ ಸಾರ್ಬೇಡಿ. ಅವಳ ಮುಂದೆ ಹೊಗಳ್ಬೇಡಿ. ಹೊಗಳಿದ್ರೆ ಅದೂ ಪರೀಕ್ಷೆ ಆಗ್ಬಿಡುತ್ತೆ.”

ಆಮೇಲೆ ಮೊಮ್ಮಗಳು ನನ್ನ ಜೊತೆ ಲೈಬ್ರರಿಗೆ ಬರಲು ಶುರು ಮಾಡಿದಳು. ಹೊಟ್ಟೆನೋವು ಯಾವಾಗ ನಿಂತಿತೋ ನಮಗೆ ಗೊತ್ತೇ ಆಗಲಿಲ್ಲ. ಮೇಡಂ ಅವಳಿಗೆ ಒಂದಾದ ಮೇಲೊಂದು ಪುಸ್ತಕ ಕೊಟ್ಟರು, ಒಂದು ದಿನವೂ ಎಲ್ಲಿ ಓದು ನೋಡೋಣ ಅನ್ನಲಿಲ್ಲ. ಅವಳ ಓದನ್ನು ಅವರು ಕೇಳಿಯೇ ಇರಲಿಲ್ಲ. ನನಗೇ ತಡೆಯಲಾಗದೆ, “ಒಂದ್ಸಲ ಕೇಳಿ ಮೇಡಂ” ಎಂದರೆ, “ಅವಳಿಗೆ ಬೇಕು ಅನ್ನಿಸಿದ ದಿನ ಕೇಳಿಸ್ತಾಳೆ” ಎಂದುಬಿಟ್ಟರು.

ಅಷ್ಟರಲ್ಲಿ ಅವರಿಗೆ ಕಾಯಿಲೆ ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಓಡಾಡಿ, ಕೊನೆಗೆ ಮನೆಗೇ ಕರೆತಂದರು. ನಾನೂ ಮೊಮ್ಮಗಳೂ ನೋಡಲು ಹೋದೆವು. ಮಂಚದ ಮೇಲೆ ಒಂದು ಹಿಡಿಯಷ್ಟಾಗಿದ್ದರು. ದಿಂಬಿನ ಪಕ್ಕದಲ್ಲಿ ಒಂದು ದಪ್ಪ ಪುಸ್ತಕವಿತ್ತು.

“ಓದಕ್ಕೆ ಆಗ್ತಿಲ್ಲ ಯಜಮಾನ್ರೇ. ಅಕ್ಷರ ಎಲ್ಲಾ ಕಲಸಿಹೋಗ್ತವೆ” ಎಂದರು.

ಅವರು ಅಡುಗೆಗೆ, ಜ್ವರಕ್ಕೆ, ಯಾತಕ್ಕೂ ಓದು ಬಿಟ್ಟವರಲ್ಲ. ಓದಮ್ಮ ಅಂತ ಮೊಮ್ಮಗಳಿಗೆ ಹೇಳಲು ಬಾಯಿ ತೆರೆದೆ. ಹಾಗನ್ನಬಾರದೆಂದು ಇವರೇ ಹೇಳಿದ್ದರಲ್ಲ, ಬಾಯಿ ಮುಚ್ಚಿಕೊಂಡೆ. ಮಗು ತಾನಾಗಿಯೇ ಕೈ ಚಾಚಿ ಪುಸ್ತಕ ತೆಗೆದುಕೊಂಡಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗುರುತಿಟ್ಟಿದ್ದ ಹಾಳೆ ಬಿಡಿಸಿ ಓದಲು ಶುರು ಮಾಡಿತು. ದೊಡ್ಡವರ ಪುಸ್ತಕ, ಕಷ್ಟದ ಮಾತುಗಳು. ಎಡವಿತು, ಎದ್ದಿತು, ಮುಂದೆ ಹೋಯಿತು. ನಿಂತಾಗಲೆಲ್ಲ ಮೇಡಂ ಕಣ್ಣು ಮುಚ್ಚಿಕೊಂಡೇ, “ಆಮೇಲೆ?” ಅನ್ನುತ್ತಿದ್ದರು.

ಅವತ್ತಿನಿಂದ ಭಾನುವಾರ ಬಂತೆಂದರೆ ಅಲ್ಲಿಗೆ ಹೋಗುತ್ತಿದ್ದೆವು. ಪುಸ್ತಕ ಮುಗಿಯಲು ಇನ್ನೂ ಸ್ವಲ್ಪ ಇರುವಾಗಲೇ ಮೇಡಂ ಹೋಗಿಬಿಟ್ಟರು.

ತಿಥಿಯ ದಿನ ಊಟದ ಎಲೆ ಎತ್ತಿದ ಮೇಲೆ ಮನೆ ತುಂಬ ಹೆಂಗಸರು ಕೂತಿದ್ದರು. ಮೊಮ್ಮಗಳು ಯಾರನ್ನೂ ಕೇಳದೆ ಒಳಗಿನಿಂದ ಆ ಪುಸ್ತಕ ತಂದು ಫೋಟೋದ ಮುಂದೆ ಕೂತಳು. ಉಳಿದದ್ದನ್ನು ಓದತೊಡಗಿದಳು, ಗಟ್ಟಿಯಾಗಿ, ಅಷ್ಟು ಜನರ ಎದುರಿಗೆ. ಯಾರೂ ನಗಲಿಲ್ಲ. ಕ್ಲಾಸಿನಲ್ಲಿ ಬಾಯಿ ಕಟ್ಟಿಹೋಗಿದ್ದ ಮಗು! ನನ್ನ ಎದೆಯೊಳಗೆ ಸಂತೋಷ ಉಕ್ಕಿ ಉಕ್ಕಿ ಬರುತ್ತಿತ್ತು. ಸಾವಿನ ಮನೆಯಲ್ಲಿ ಈ ಮುಖ ಇಟ್ಟುಕೊಂಡು ಹೇಗೆ ಕೂರುವುದು? ಎದ್ದು ಹೊರಗೆ ಹೋಗಿ, ಗೋಡೆಯ ಕಡೆ ತಿರುಗಿ ನಿಂತೆ.

ಮೇಡಂ ಅವರ ಯಜಮಾನರು ಹಿಂದೆಯೇ ಬಂದರು. ನನ್ನ ಮುಖ ನೋಡಿಯೇ ಬಿಟ್ಟರು. ನಾನು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡೆ.

ಅವರು ಹೆಗಲ ಮೇಲೆ ಕೈಯಿಟ್ಟು, “ಇರ್ಲಿ ಬಿಡಿ. ಅಳೋಕೆ ಒಳಗೆ ಬೇಕಾದಷ್ಟು ಜನ ಇದಾರೆ. ನೀವು ಹಿಂಗೇ ಇರಿ” ಎಂದರು.

ಟವಲ್ಲು ತೆಗೆದೆ. ಒಳಗೆ ಮಗು ಹಾಳೆ ತಿರುವಿದ ಸದ್ದಾಯಿತು. ಇಬ್ಬರೂ ಅಲ್ಲೇ ನಿಂತು ಕೇಳಿದೆವು.