ಇರೆಸಲ್ಯೂಟ್ ಅನ್ನುವ ಪದ ಕಲಿಸಿದವರು

ಮೊನ್ನೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕದ ಹೆಂಗಸು ಕಿತ್ತಳೆ ಸುಲಿದಳು. ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ನಮ್ಮ ಸ್ಟಾಫ್ ರೂಮು ಕಣ್ಣೆದುರು ಬಂತು. ಇಂಗ್ಲಿಷ್ ಮೇಷ್ಟ್ರು ಕೊಡಗಿನ ಕಿತ್ತಳೆ ತಂದು ಮೇಜಿನ ಮೇಲೆ ಸುರಿಯೋರು. ಆಮೇಲೆ ಯಾವುದನ್ನು ಸುಲಿಯೋದು ಅಂತ ಗೊತ್ತಾಗದೆ ಒಂದೊಂದನ್ನೇ ಮುಟ್ಟಿ ನೋಡುತ್ತಾ ಕೂರೋರು. ಕೊನೆಗೆ ನಾನೇ ಒಂದನ್ನು ಸುಲಿದು ಅವರ ಕೈಗಿಡುತ್ತಿದ್ದೆ.

ನಾನಾಗ ಆ ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ನನಗೂ ಮದುವೆಯಾಗಿರಲಿಲ್ಲ, ಅವರಿಗೂ ಆಗಿರಲಿಲ್ಲ. ನಮ್ಮಿಬ್ಬರ ಕ್ಲಾಸಿನ ನಡುವೆ ಅರ್ಧ ಗೋಡೆ. ಅವರ ಪಾಠವೆಲ್ಲ ನನಗೆ ಕೇಳಿಸುತ್ತಿತ್ತು, ಕೇಳಿಸಿಕೊಳ್ಳುತ್ತಲೂ ಇದ್ದೆ...

ಒಂದು ದಿನ ಪಾಠದಲ್ಲಿ 'ಇರೆಸಲ್ಯೂಟ್' ಅನ್ನುವ ಪದ ಬಂತು. ಒಬ್ಬ ಹುಡುಗ ಎದ್ದು ಕೇಳಿದ: "ಅಂಗಂದ್ರೆ ಹೇಡಿ ಅಂತಲಾ ಸಾ?"

"ಅಲ್ಲ ಕಣಯ್ಯ. ಹೇಡಿ ಓಡಿಹೋಗ್ತಾನೆ. ಇವನಿಗೆ ಏನು ಬೇಕು ಅಂತ ಗೊತ್ತಿರುತ್ತೆ, ಆದ್ರೆ ಮನಸ್ಸು ಗಟ್ಟಿ ಆಗಲ್ಲ. ಮನುಷ್ಯನಿಗೂ ಹೇಳಬಹುದು, ಅವನು ನಿಂತಿರೋ ರೀತಿಗೂ ಹೇಳಬಹುದು. 'ಬಾಗಿಲಲ್ಲಿ ಇರೆಸಲ್ಯೂಟ್ ಆಗಿ ನಿಂತಿದ್ದ' ಅಂತ."

"ನಮ್ ಮೇಷ್ಟ್ರಂಗೆ ಕಣ್ಲಾ," ಅಂತ ಹಿಂದಿನ ಬೆಂಚಿನಿಂದ ಯಾರೋ ಪಿಸುಗುಟ್ಟಿದರು. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಗೋಡೆಯ ಈಚೆ ನಾನೂ ನಕ್ಕೆ. ಇಂಥವರು ಎಲ್ಲಿಗೆ ಹೋಗ್ತಾರೆ, ಎಂದಾದರೂ ನನ್ನ ಕಡೆ ತಿರುಗಿಯೇ ತಿರುಗುತ್ತಾರೆ ಅನ್ನೋ ಧೈರ್ಯ ನನಗೆ.

ಅಷ್ಟರಲ್ಲಿ ಆಸ್ಪತ್ರೆಗೆ ಒಬ್ಬ ನರ್ಸಮ್ಮ ಬಂದಳು. ಕೇರಳದ ಕಡೆಯವಳು, ತೊದಲು ಕನ್ನಡ. ಮೇಷ್ಟ್ರು ಜ್ವರಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋದವರು, ಜ್ವರ ಬಿಟ್ಟ ಮೇಲೂ ಹೋಗುತ್ತಲೇ ಇದ್ದರು. ಕಿತ್ತಳೆಯ ಚೀಲ ಸ್ಟಾಫ್ ರೂಮಿಗೆ ಬರೋದು ನಿಂತುಹೋಯಿತು. ಅವಳಲ್ಲಿ ಏನು ಕಂಡರೋ ಅಂತ ನಾನು ಕನ್ನಡಿ ಮುಂದೆ ನಿಂತು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಕೆ.ಆರ್. ನಗರದಲ್ಲಿದ್ದ ಅವರ ತಾಯಿ ಈ ಸಂಬಂಧ ಖಂಡಿತ ಬೇಡ ಅಂದುಬಿಟ್ಟರು. ಮೇಷ್ಟ್ರು ಅತ್ತ 'ಹೂಂ' ಅನ್ನಲಿಲ್ಲ, ಇತ್ತ 'ಉಹೂಂ' ಅನ್ನಲಿಲ್ಲ. ಹಾಗೇ ವರ್ಷವೇ ಕಳೆಯಿತು. ಆಮೇಲೆ ನರ್ಸಮ್ಮನಿಗೆ ಎಚ್.ಡಿ. ಕೋಟೆ ಕಡೆಗೆ ವರ್ಗವಾಯಿತು. ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅವಳು ಹೊರಡುವ ದಿನ ಮೇಷ್ಟ್ರು ನನ್ನ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು. "ಬಸ್ಸಿಗೆ ಬರೋದಾದ್ರೆ ಬನ್ನಿ, ಇಲ್ದಿದ್ರೆ ಇನ್ಯಾವತ್ತೂ ಬರಬೇಡಿ ಅಂದಿದ್ದಾಳೆ, ಟೀಚರ್."

ಏನು ಮಾಡಲಿ ಅಂತ ಕೇಳ್ತಾರೆ, ಕೇಳೇ ಕೇಳ್ತಾರೆ ಅಂತ ಕಾದೆ. ಕೇಳಲಿಲ್ಲ. "ನನ್ನ ಎಂಟನೇ ಕ್ಲಾಸು ಸ್ವಲ್ಪ ನೋಡ್ಕೊಳ್ಳಿ," ಅಂದವರೇ ಸೀಮೆಸುಣ್ಣದ ಕೈ ಕೂಡ ತೊಳೆಯದೆ ಮೈದಾನ ದಾಟಿ ಓಡಿದರು. ಹಣ್ಣು ಆರಿಸೋಕೂ ಆಗದ ಮನುಷ್ಯ! ಅವರು ಮರೆಯಾಗೋವರೆಗೂ ಕಿಟಕಿಯಲ್ಲಿ ನಿಂತು ನೋಡಿದೆ. ಅವರು ಹೋದದ್ದಕ್ಕಿಂತ ನೋವಾಗಿದ್ದು ಅದೇ, ಒಂದು ಸಲವೂ ಹಿಂತಿರುಗಿ ನೋಡದೆ ಹೋದರಲ್ಲ...

ಮುಂದೆ ನನಗೂ ಮದುವೆಯಾಯಿತು, ಹುಣಸೂರಿಗೆ ಬಂದೆ. ಹೋದ ವರ್ಷ ಒಂದು ಮದುವೆಮನೆಯಲ್ಲಿ ನರ್ಸಮ್ಮ ಸಿಕ್ಕಳು. ಈಗ ನರೆತ ಕೂದಲು, ಅಚ್ಚುಕಟ್ಟಾದ ಕನ್ನಡ. ಮೇಷ್ಟ್ರು ತೀರಿಕೊಂಡರಂತೆ, ಹೃದಯಾಘಾತ.

"ಅವರ ಜೊತೆ ಏಗಿದ್ದು ನನಗೇ ಗೊತ್ತು ಕಣ್ರೀ," ಅಂದಳು. "ಸಾರಾ, ಹುಳಿಯಾ ಅಂದ್ರೆ ನಿನ್ನಿಷ್ಟ ಅನ್ನೋರು. ಮಗಳಿಗೆ ಹೆಸರಿಡೋಕೆ ಆರು ತಿಂಗಳು. ಒಂದಕ್ಕೂ ನೆಟ್ಟಗೆ ಉತ್ತರ ಕೊಡ್ತಿರಲಿಲ್ಲ, ಪುಣ್ಯಾತ್ಮ." ಹೇಳುತ್ತಾ ಹೇಳುತ್ತಾ ಜನರೆದುರೇ ಅತ್ತಳು. ಇಬ್ಬರು ಹೆಂಗಸರು ಬಂದು ಅವಳ ಬೆನ್ನು ಸವರಿದರು.

ನಾನು ಎಲೆಯ ಮುಂದೆ ಕೂತಿದ್ದೆ. ನನ್ನ ಗಂಡ ಪಾಯಸ ಹಾಕಿಸಿಕೋ ಅಂದರು, ಹಾಕಿಸಿಕೊಂಡೆ. ಮೇಷ್ಟ್ರ ಮೇಲಿನ ಆಸೆ ನನಗೆ ಯಾವತ್ತೋ ಆರಿತ್ತು. ಆದರೆ ಆ ದೂರು, ಹಾಗೆ ಎಲ್ಲರೆದುರು ಅಳುವ ಆ ಅಧಿಕಾರ... ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.