ಕುದುರೆಯ ಹೊಟ್ಟೆಯೊಳಗಿನ ಸದ್ದು

ಸರ್ವಮಂಗಳ ಹುಟ್ಟಿದ್ದು ಶನಿವಾರಸಂತೆ ಕಡೆಯ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಹಾರಂಗಿ ಹಿನ್ನೀರಿನ ಅಂಚಿಗೆ. ಅಲ್ಲೂ ಇಲ್ಲೂ ಅವಳ ಸುತ್ತ ಇದ್ದದ್ದು ದನಗಳೇ. ಹಸುವಿನ ಕಿವಿ ಮುಟ್ಟಿದರೆ ಸಾಕು, ಜ್ವರ ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಕುದುರೆಯನ್ನು ಮಾತ್ರ ಅವಳು ನೋಡಿದ್ದು ಮದುವೆ ದಿಬ್ಬಣದಲ್ಲಿ, ಅದೂ ಜನರ ತಲೆಗಳ ಮೇಲಿಂದ.

ಗಂಡ ಮಹದೇವಪ್ಪನಿಗೆ ಭುಜದ ನೋವು ಹಿಡಿದ ಮೇಲೆ ಮನೆಯಲ್ಲಿ ಒಂದೇ ಹಸು ಉಳಿಯಿತು. ಅವಳ ಕೈಗೆ ಕೆಲಸ ಸಾಲದಾಯಿತು. ಅದೇ ಹೊತ್ತಿಗೆ ಪಕ್ಕದ ತೋಟದ ಕುಟ್ಟಪ್ಪ ಪ್ರವಾಸಿಗರ ಸವಾರಿಗೆಂದು ಮೂರು ಕುದುರೆ ತಂದಿದ್ದರು. ಪ್ರಾಯದಲ್ಲಿ ಮೈಸೂರಿನ ಕುದುರೆ ಲಾಯವೊಂದರಲ್ಲಿ ದುಡಿದು ಬಂದವರು ಅವರು.

"ನೀರು ತೋರಿಸೋದು, ಲಾಯ ಗುಡಿಸೋದು ಅಷ್ಟೇ. ಬರ್ತೀಯಾ ಸರ್ವಮಂಗಳ?" ಎಂದು ಕೇಳಿದರು.

"ಒದೀತದಾ ಅಣ್ಣ?"

"ಹಿಂದಿನಿಂದ ಹೋದ್ರೆ ಒದೀತದೆ. ಮಾತಾಡ್ಕೊಂಡು ಪಕ್ಕದಿಂದ ಹೋಗು."

ಹೆದರಿಕೆಗಿಂತ ಕುತೂಹಲವೇ ಮೇಲಾಗಿ ಅವಳು ಮರುದಿನವೇ ಹೋದಳು.

ಮೊದಲ ವಾರವೆಲ್ಲ ಫಜೀತಿಯೇ. ಮೂರರಲ್ಲಿ ದೊಡ್ಡದು ಚಿನ್ನ, ಹೊಂಬಣ್ಣದ ಹೆಣ್ಣು ಕುದುರೆ. ಅದು ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ನೆಲಕ್ಕೂರಿ, ತುಟಿ ಇಳಿಬಿಟ್ಟು ನಿಂತಿದ್ದನ್ನು ಕಂಡು ಅವಳು ಕಾಲು ಮುರಿದಿದೆಯೆಂದೇ ಓಡಿದಳು. ಕುಟ್ಟಪ್ಪ ಬಂದು ನೋಡಿ, "ಎಂತದೂ ಇಲ್ಲ, ನಿಂತೇ ನಿದ್ದೆ. ಮುಂಗಾಲನ್ನ ಹೀಗೆ ಎತ್ತಿ ಮುಂದೆ ಚಾಚಿದ್ರೆ ಮಾತ್ರ ನೋವು ಅಂತ ತಿಳ್ಕೋ" ಎಂದರು. ಇನ್ನೊಂದು ಬೆಳಿಗ್ಗೆ ಅದು ಎಳೆಬಿಸಿಲಿಗೆ ನಾಲ್ಕೂ ಕಾಲು ಚಾಚಿ ಮಲಗಿತ್ತು. ಸತ್ತೇ ಹೋಯಿತೆಂದು ಅವಳು ಬಾಯಿಗೆ ಸೆರಗು ಹಿಡಿದಳು. ಹತ್ತಿರ ಹೋದರೆ ಗೊರಕೆ.

ಹಸುವಿನ ಪಾಠ ಇಲ್ಲಿ ಅರ್ಧಕ್ಕರ್ಧ ತಲೆಕೆಳಗು. ಹಸು ಮೆಲುಕು ಹಾಕದಿದ್ದರೆ ಕಾಯಿಲೆ. ಕುದುರೆ ಮೆಲುಕೇ ಹಾಕುವುದಿಲ್ಲ. ಹಸುವಿನ ಸಗಣಿ ತೆಳ್ಳಗಿದ್ದರೂ ನಡೆಯುತ್ತದೆ. ಕುದುರೆಯ ಲದ್ದಿ ಉಂಡೆಯುಂಡೆಯಾಗಿ ಬಿದ್ದು ನೆಲ ಮುಟ್ಟಿದಾಗ ಒಡೆಯಬೇಕು. ತಿಂದದ್ದು ಹೆಚ್ಚಾದರೆ ವಾಂತಿ ಮಾಡುವ ಶಕ್ತಿಯೂ ಕುದುರೆಗಿಲ್ಲವಂತೆ. ಇಷ್ಟು ದೊಡ್ಡ ಪ್ರಾಣಿಗೆ ಅಷ್ಟೂ ಸೌಕರ್ಯ ಇಲ್ಲವಲ್ಲ ಎಂದು ಅವಳಿಗೆ ಸೋಜಿಗ. ಕೆಲಸ ಮುಗಿದ ಮೇಲೂ ಬೇಲಿಯ ಹತ್ತಿರ ಕೂತು ಕುದುರೆಗಳನ್ನೇ ನೋಡುತ್ತಿದ್ದಳು. ಚಿನ್ನಳ ಕಿವಿಗಳು ಒಂದೊಂದು ದಿಕ್ಕಿಗೆ ತಿರುಗಿ, ಒಂದು ರಸ್ತೆಯ ಬಸ್ಸನ್ನೂ ಇನ್ನೊಂದು ಇವಳ ಬಳೆಯನ್ನೂ ಕೇಳಿಸಿಕೊಳ್ಳುತ್ತಿದ್ದವು.

"ಅದರಲ್ಲಿ ಅಂತದ್ದೇನು ನೋಡೋದೇ?" ಎಂದು ಮಹದೇವಪ್ಪ ಕೇಳಿದ.

"ಗೊತ್ತಾದ್ರೆ ನೋಡ್ತಾ ಕೂರ್ತಿದ್ನಾ?" ಎಂದಳು.

ಬೇಸಿಗೆ ಬಂತು. ಹಿನ್ನೀರು ಇಳಿದು, ನೀರಿದ್ದ ಜಾಗದಲ್ಲಿ ಗಿಡ್ಡ ಹಸಿರು ಹುಲ್ಲು ಚಿಗುರಿತು. ಸವಾರಿ ಇಲ್ಲದ ಹೊತ್ತಿನಲ್ಲಿ ಕುಟ್ಟಪ್ಪ ಕುದುರೆಗಳನ್ನು ಅಲ್ಲಿಗೇ ಬಿಡುತ್ತಿದ್ದರು. ಚಿನ್ನ ಆಸೆಬುರುಕಿ, ಹುಲ್ಲನ್ನು ಬೇರುಸಹಿತ ಕಿತ್ತು ತಿನ್ನುತ್ತಿತ್ತು.

ಹೊಟ್ಟೆ ತುಂಬ ಮೇಯುವ ಕುದುರೆ ಸೊರಗುತ್ತಿದ್ದುದನ್ನು ಸರ್ವಮಂಗಳ ಕಂಡದ್ದು ಬ್ರಷ್ಷು ಹಿಡಿದಾಗ. ಕೈ ಪಕ್ಕೆಲುಬಿನ ಮೇಲೆ ತಡೆಯುತ್ತಿತ್ತು. ಎಷ್ಟು ತಿಕ್ಕಿದರೂ ಕೂದಲು ಹೊಳೆಯಲಿಲ್ಲ. ಲದ್ದಿ ಸಡಿಲವಾಯಿತು. ಬೂಸಾ ಇಟ್ಟರೆ ಎರಡು ಬಾಯಿ ತಿಂದು, ಮುಖ ತಿರುಗಿಸಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು, ಅಲ್ಲಿ ಯಾರೋ ನಿಂತಿರುವ ಹಾಗೆ.

ಕುಟ್ಟಪ್ಪ ಬಾಯಿ ಅಗಲಿಸಿ ಹಲ್ಲು ನೋಡಿದರು. ಸರಿಯಾಗಿದ್ದವು. "ಜಂತು ಇರ್ಬೇಕು" ಎಂದು ಔಷಧಿ ಹಾಕಿದರು. ಗುಣ ಕಾಣಲಿಲ್ಲ.

ಸರ್ವಮಂಗಳಳಿಗೆ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ಚಿನ್ನಳ ಪಕ್ಕೆಗೆ ಕಿವಿಯಾನಿಸಿದಳು. ಎಂದಿನ ಗುಳುಗುಳು ಇತ್ತು. ಬಾಗಿ, ಎದೆಯ ಹಿಂದೆ ಹೊಟ್ಟೆಯ ತೀರಾ ತಳಕ್ಕೆ ಕಿವಿ ಕೊಟ್ಟಳು. ಅಲ್ಲಿ ಬೇರೆಯೇ ಸದ್ದು. ಮೊರದಲ್ಲಿ ಅಕ್ಕಿಯನ್ನು ಮೆಲ್ಲಗೆ ಒಂದು ಕಡೆಗೆ ಜಾರಿಸಿದ ಹಾಗೆ. ನಿಂತಿತು, ಮತ್ತೆ ಜಾರಿತು. ಉಳಿದೆರಡು ಕುದುರೆಗಳಿಗೂ ಕಿವಿಯಿಟ್ಟಳು. ಅವುಗಳಲ್ಲಿ ಅದಿರಲಿಲ್ಲ.

ಅವಳು ಕರೆದದ್ದಕ್ಕೆ ಬಂದ ಕುಟ್ಟಪ್ಪ ಕುಕ್ಕರಗಾಲಿನಲ್ಲಿ ಕೂತು ಕೇಳಿ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ಚಿನ್ನ ಮುಂಗಾಲಿನಿಂದ ನೆಲ ಕೆರೆಯತೊಡಗಿತು. ಮಂಡಿಯೂರಿ ಮಲಗಿತು, ಹೊರಳಿತು, ಎದ್ದಿತು, ಮತ್ತೆ ಮಲಗಲು ನೋಡಿತು. ಕತ್ತಿನ ಮೇಲೆ ಬೆವರು ಒಡೆಯಿತು. ಕುಟ್ಟಪ್ಪ ಹಗ್ಗ ಹಿಡಿದು ಅದನ್ನು ನಡೆಸತೊಡಗಿ, "ಡಾಕ್ಟ್ರಮ್ಮಂಗೆ ಫೋನ್ ಮಾಡು" ಎಂದರು.

ಪಶುವೈದ್ಯೆ ದಿವ್ಯಶ್ರೀ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಸದ್ದು ಹೇಗಿದೆ, ಇನ್ನೊಂದು ಸಲ ಹೇಳಿ" ಎಂದರು. ಸರ್ವಮಂಗಳ ಮೊರದ ಮಾತನ್ನೇ ಹೇಳಿದಳು. ದಿವ್ಯಶ್ರೀ ಕೂಡಲೇ ಕೇಳಿದರು, "ಎಲ್ಲಿ ಮೇಯ್ತಾ ಇತ್ತು?"

"ಹಿನ್ನೀರು ಇಳಿದ ಜಾಗದಲ್ಲಿ."

"ಬರ್ತಾ ಇದ್ದೀನಿ. ಮೇಯೋಕೆ ಏನೂ ಕೊಡ್ಬೇಡಿ. ಲದ್ದಿ ಇದ್ರೆ ಎತ್ತಿಡಿ."

ದಿವ್ಯಶ್ರೀ ಬಂದವರೇ ಚಿನ್ನಳ ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಚಿದ ಜಾಗಕ್ಕೆ ಕೆಂಪು ಬೇಗ ಮರಳಿತು. "ರಕ್ತ ಓಡ್ತಾ ಇದೆ, ಕರುಳು ತಿರುಚಿಕೊಂಡ ಹಾಗಿಲ್ಲ" ಎಂದರು. ನೋವಿಗೆ ಇಂಜೆಕ್ಷನ್ ಕೊಟ್ಟರು. ಆಮೇಲೆ ಉದ್ದದ ಪ್ಲಾಸ್ಟಿಕ್ ಕೈಗವಸಿಗೆ ಲದ್ದಿಯನ್ನೂ ನೀರನ್ನೂ ಹಾಕಿ, ಬಾಯಿ ಕಟ್ಟಿ ಚೆನ್ನಾಗಿ ಕಲಕಿ, ಬೆರಳುಗಳು ಕೆಳಗಾಗುವಂತೆ ಲಾಯದ ಮೊಳೆಗೆ ತೂಗುಹಾಕಿದರು.

"ಇದ್ಯಾಕೆ ಮೇಡಂ?"

"ನೀವೇ ನೋಡ್ತಿರಿ."

ಸರ್ವಮಂಗಳ ಅದರ ಮುಂದೆಯೇ ನಿಂತಳು. ಹುಲ್ಲಿನ ಚೂರು ಮೇಲೆ ತೇಲಿತು. ನೀರು ನಿಧಾನಕ್ಕೆ ತಿಳಿಯಾಯಿತು. ಕೈಗವಸಿನ ಬೆರಳುಗಳು ತುದಿಯಿಂದ ಬೂದು ಬಣ್ಣಕ್ಕೆ ತುಂಬುತ್ತ ಬಂದವು. ದಿವ್ಯಶ್ರೀ ಒಂದು ಬೆರಳಿನ ತುದಿ ಕತ್ತರಿಸಿ ಅವಳ ಅಂಗೈಗೆ ಸುರಿದರು. ತಿಕ್ಕಿ ನೋಡಿದಳು. ಮರಳು.

"ಬೇರಿನ ಜೊತೆ ಒಳಗೆ ಹೋಗಿ ಕರುಳಿನ ತಳದಲ್ಲಿ ಕೂತಿದೆ. ಕುದುರೆ ನಡೆದಾಗ, ಉಸಿರಾಡಿದಾಗ ಅದು ಜರುಗ್ತದೆ" ಎಂದರು ದಿವ್ಯಶ್ರೀ. "ಓದಿದ್ದೆ, ಬೇರೆ ಕಡೆ ಒಂದೆರಡು ಸಲ ನೋಡಿದ್ದೆ. ಈ ಊರಲ್ಲಿ ಇದೇ ಮೊದಲು."

ಮರಳು ಹೊರಬೀಳಲೆಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆಯನ್ನೂ ನೀರಿನಲ್ಲಿ ಕದಡಿದ ಇಸಬ್‌ಗೋಲನ್ನೂ ಹೊಟ್ಟೆಗೆ ಬಿಟ್ಟರು. ಕುಟ್ಟಪ್ಪ ಚಿನ್ನಳ ಕತ್ತು ಸವರುತ್ತಿದ್ದರು. "ಹಸಿರು ಹುಲ್ಲು, ಒಳ್ಳೇದೇ ಅಂದ್ಕೊಂಡೆ" ಎಂದರು.

"ಹುಲ್ಲು ಒಳ್ಳೇದೇ ಕುಟ್ಟಪ್ಪನವ್ರೇ. ಜಾಗ ಸರಿಯಿಲ್ಲ."

ಮರುದಿನ ಬೆಳಿಗ್ಗೆ ಸರ್ವಮಂಗಳ ಲಾಯಕ್ಕೆ ಕಾಲಿಟ್ಟಾಗ ಚಿನ್ನ ತಲೆಯೆತ್ತಿ ಕೆನೆಯಿತು. ನೆಲದ ಮೇಲೆ ಲದ್ದಿ ಬಿದ್ದಿತ್ತು. ಸಲಿಕೆಯಲ್ಲಿ ಎತ್ತಿದರೆ ಕಲ್ಲಿನಷ್ಟು ಭಾರ. ಯಾವ ಹಬ್ಬದ ದಿನವೂ ಆಗದಷ್ಟು ಸಂತೋಷ ಅದನ್ನು ಎತ್ತಿದಾಗ ಅವಳಿಗಾಯಿತು.

ಅಂದಿನಿಂದ ಕುದುರೆಗಳಿಗೆ ಮೇವು ಎತ್ತರದ ಟಬ್ಬಿನಲ್ಲಿ, ಕೆಳಗೆ ಹಳೆಯ ರಬ್ಬರ್ ಮ್ಯಾಟು. ಹಿನ್ನೀರಿನ ಕಡೆಗೆ ಬೇಲಿ ಎದ್ದಿತು. ಸರ್ವಮಂಗಳ ಲದ್ದಿಯನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕಲಕಿ ಕಿಟಕಿಯಲ್ಲಿಡುತ್ತಿದ್ದಳು. ಸವಾರಿಗೆ ಬಂದವರು ಅದೇನೆಂದು ಕೇಳಿ, ತಿಳಿದ ಮೇಲೆ ದೂರ ಸರಿಯುತ್ತಿದ್ದರು. ತಳದ ಮರಳು ದಿನದಿಂದ ದಿನಕ್ಕೆ ಇಳಿಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಚಿನ್ನಳ ಪಕ್ಕೆಲುಬು ಮುಚ್ಚಿ, ಬ್ರಷ್ಷಿನ ಹಿಂದೆಯೇ ಹೊಳಪು ಏಳತೊಡಗಿತು.

ಅವಳ ಪ್ರಶ್ನೆಗಳು ಮಾತ್ರ ಇಳಿಯಲಿಲ್ಲ. ದಿವ್ಯಶ್ರೀ ಬಂದಾಗಲೆಲ್ಲ ಹಿಂದೆಯೇ ನಡೆದು ಕೇಳುವಳು. ಕೊನೆಗೆ ದಿವ್ಯಶ್ರೀ ತಮ್ಮ ಹಳೆಯ ಸ್ಟೆತಸ್ಕೋಪನ್ನೇ ಅವಳ ಕೊರಳಿಗೆ ಹಾಕಿ, "ನೆಲದಲ್ಲಿ ಕೂತು ಕೇಳಿ ಸೊಂಟ ನೋವು ಮಾಡ್ಕೋಬೇಡಿ" ಎಂದರು.

ಆ ಸಂಜೆ ಅವಳು ಮನೆಗೆ ಬಂದವಳೇ ಹಸುವಿನ ಹೊಟ್ಟೆ ಕೇಳಿದಳು. ದೂರದ ಗುಡುಗಿನಂಥ ಸದ್ದು ಎದ್ದು ಅಡಗಿತು. ಇಷ್ಟು ವರ್ಷ ಸಾಕಿಯೂ ಇದನ್ನು ಕೇಳಿರಲಿಲ್ಲವಲ್ಲ ಎನಿಸಿತು. ಮನೆಯ ನಾಯಿಯ ಹೊಟ್ಟೆ ಕೇಳಲು ಹೋದರೆ ಅದು ಸಿಕ್ಕದೆ ಓಡಿತು. ಜಗುಲಿಯಲ್ಲಿ ಕಾಫಿ ಮುಗಿಸಿ ಕೂತಿದ್ದ ಮಹದೇವಪ್ಪನ ಅಂಗಿ ಸರಿಸಿ ಹೊಟ್ಟೆಗೆ ಸ್ಟೆತಸ್ಕೋಪಿಟ್ಟಳು.

"ಏನಂತೆ ಒಳಗೆ?" ಎಂದ ಅವನು.

"ಸುಮ್ನಿರಿ, ಮಾತಾಡಿದ್ರೆ ನಿಮ್ಮ ಗಂಟಲೇ ಕೇಳ್ತದೆ" ಎಂದು ಅವಳು ಕಣ್ಣು ಮುಚ್ಚಿದಳು.